ಮಕ್ಕಳ ಮೂತ್ರಪರೀಕ್ಷೆಯೂ ಊರಿನ ನೀರೂ

ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಧರ್ಮ ನಮ್ಮದು. ಇಷ್ಟಲಿಂಗಕ್ಕೆ ಮಜ್ಜನವೆರೆಯದೆ ನಾವು ಪ್ರಸಾದ ಸ್ವೀಕರಿಸುವುದಿಲ್ಲ. ಮನೆಗೆ ದಯಮಾಡಿಸಿದ ಜಂಗಮಮೂರ್ತಿಗಳಿಗೆ ಮೊದಲು ಅರ್ಪಿಸುವುದು ನೀರನ್ನೇ. ನೀರಿನ ವಿಷಯದಲ್ಲಿ ಇಷ್ಟೊಂದು ಶ್ರದ್ಧೆಯುಳ್ಳ ನಾವು, ನಮ್ಮ ಮಕ್ಕಳು ನಿತ್ಯವೂ ಕುಡಿಯುವ ನೀರಿನಲ್ಲಿ ಏನೇನು ಕರಗಿದೆ ಎಂದು ವಿಚಾರಿಸುವುದು ಮಾತ್ರ ಅಪರೂಪ. ನೀರು ತಿಳಿಯಾಗಿದ್ದರೆ, ದುರ್ವಾಸನೆಯಿಲ್ಲದಿದ್ದರೆ, ಅದು ಒಳ್ಳೆಯ ನೀರೆಂದೇ ನಂಬುತ್ತೇವೆ. ಬಣ್ಣವಿಲ್ಲದೆ, ರುಚಿಯಿಲ್ಲದೆ, ವಾಸನೆಯಿಲ್ಲದೆ ನೀರಿನಲ್ಲಿ ಅಡಗಿರುವ ಫ್ಲೋರೈಡ್ ಈ ನಂಬಿಕೆಯನ್ನು ಸುಲಭವಾಗಿ ವಂಚಿಸುತ್ತದೆ.

ಫ್ಲೋರೈಡಿನ ಹಾವಳಿಯನ್ನು ಮಕ್ಕಳ ಮೂತ್ರದಲ್ಲಿ ಕಾಣಿಸಿಕೊಳ್ಳುವ ಕೆಲವು ಪ್ರೋಟೀನುಗಳ ಮೂಲಕ ಬೇಗನೆ ಗುರುತಿಸಬಹುದೇ ಎಂಬ ಶೋಧನೆ ಕೆಲವು ದೇಶಗಳಲ್ಲಿ ನಡೆದಿದೆ. ಇಂತಹ ಪರೀಕ್ಷೆ ನಮ್ಮ ಊರುಗಳಿಗೆ ಬೇಕೇ, ಬೇಕಾದರೆ ಯಾವ ಕ್ರಮದಲ್ಲಿ, ಯಾವ ಉದ್ದೇಶಕ್ಕೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ. ನಮ್ಮ ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇವೆ. ಪರೀಕ್ಷೆ ಬೇಕು. ಆದರೆ ಅದು ಒಂದೊಂದು ಮಗುವಿಗೂ ರೋಗಿಯೆಂಬ ಹಣೆಪಟ್ಟಿ ಕಟ್ಟುವುದಕ್ಕಲ್ಲ, ಊರಿನ ನೀರನ್ನು ಬದಲಿಸುವುದಕ್ಕೆ.

ಬಯಲುಸೀಮೆಯ ಹಳೆಯ ಶತ್ರು

ಇದು ಇಂದು ನಿನ್ನೆಯ ಪಿಡುಗಲ್ಲ. ಭಾರತದಲ್ಲಿ ಫ್ಲೋರೋಸಿಸ್ ರೋಗದ ಮೊದಲ ವೈದ್ಯಕೀಯ ವರದಿ 1937ರಲ್ಲಿ ಪ್ರಕಟವಾಯಿತು. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಬಗ್ಗದೆ ಕೀಲುಗಳು ಸೆಟೆದುಹೋದ ರೈತರನ್ನು ಪರೀಕ್ಷಿಸಿದ ವೈದ್ಯರು, ಅದಕ್ಕೆ ಕಾರಣ ಬಾವಿಯ ನೀರಿನಲ್ಲಿದ್ದ ಫ್ಲೋರೈಡ್ ಎಂದು ನಿರ್ಧರಿಸಿದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ತಜ್ಞರು, ಫ್ಲೋರೈಡ್ ಪೀಡಿತ ಪ್ರದೇಶದ ಎಳೆಯರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವುದನ್ನು ಲೋಕಕ್ಕೆ ತಿಳಿಸಿದರು.

ನಮ್ಮ ನಾಡಿನಲ್ಲಿಯೂ ಪಾವಗಡ, ಮುಂಡರಗಿ, ಬಾಗೇಪಲ್ಲಿ, ಕುಷ್ಟಗಿ ಮೊದಲಾದ ತಾಲ್ಲೂಕುಗಳ ಜನರಿಗೆ ಈ ಹೆಸರು ಚಿರಪರಿಚಿತ. ಅಲ್ಲಿಯ ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಬಂಡೆ. ಈ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇದೆ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಎಷ್ಟು ದೀರ್ಘಕಾಲ ನಿಲ್ಲುತ್ತದೆಯೋ ಅಷ್ಟೂ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ನಮ್ಮ ಹಿರಿಯರು ಕೆರೆ, ಕಲ್ಯಾಣಿ ಮತ್ತು ತೆರೆದ ಬಾವಿಗಳ ನೀರನ್ನು ಕುಡಿದರು. ಅದು ಬಹುಮಟ್ಟಿಗೆ ಆಯಾ ವರ್ಷದ ಮಳೆಯ ನೀರು. ಕೆರೆಗಳಲ್ಲಿ ಹೂಳು ತುಂಬಿ, ನಾವು ಕೊಳವೆಬಾವಿಗಳನ್ನು ಆಶ್ರಯಿಸಿದ ಮೇಲೆ, ಬಹುಕಾಲ ಬಂಡೆಯ ನಡುವೆ ನಿಂತ ನೀರನ್ನು ಮಕ್ಕಳಿಗೆ ಕುಡಿಸತೊಡಗಿದೆವು.

ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಹೇಳಿದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗುವುದನ್ನು ತಡೆಯುತ್ತದೆ ಎಂಬುದು ನಿಜ. ಹಿತವೂ ಅಹಿತವೂ ಇಲ್ಲಿ ಪ್ರಮಾಣವನ್ನೇ ಅವಲಂಬಿಸಿವೆ.

ಹಲ್ಲು ತಡವಾಗಿ ತಿಳಿಸುತ್ತದೆ

ಫ್ಲೋರೋಸಿಸ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಂದುಗಟ್ಟಿದ ಹಲ್ಲು. ತಾಯಂದಿರು ಮಗುವನ್ನು ವೈದ್ಯರಲ್ಲಿಗೆ ಕರೆತರುವುದೂ ಅದೇ ಕಾರಣಕ್ಕೆ. "ಹಲ್ಲಿನ ಕಲಿ ಹೋಗೂ ಪುಡಿ ಏನರ ಇದ್ರ ಕೊಡ್ರಿ" ಎಂದು ಕೇಳುತ್ತಾರೆ. ಆ ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ. ಹಲ್ಲಿನ ಹೊರಕವಚವು ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗಲೇ ಆದ ದೋಷ. ಯಾವ ದಂತಮಂಜನವೂ ಅದನ್ನು ಅಳಿಸಲಾರದು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಮುಂಬದಿಯ ಶಾಶ್ವತ ಹಲ್ಲುಗಳ ಕವಚ ರೂಪುಗೊಳ್ಳುವುದು ಮಗುವಿನ ಮೊದಲ ಕೆಲವು ವರ್ಷಗಳಲ್ಲಿ. ಅವು ಒಸಡಿನಿಂದ ಹೊರಬರುವುದು ಆರು, ಏಳು, ಎಂಟನೆಯ ವಯಸ್ಸಿನಲ್ಲಿ. ಎಂದರೆ, ಮಗು ತೊಟ್ಟಿಲಲ್ಲಿ ಮತ್ತು ಅಂಗನವಾಡಿಯಲ್ಲಿ ಕುಡಿದ ನೀರಿನ ಸುದ್ದಿಯನ್ನು ಹಲ್ಲು ನಮಗೆ ತಿಳಿಸುವುದು ಮಗು ಶಾಲೆಗೆ ಸೇರಿದ ಮೇಲೆ. ಇನ್ನೊಂದು ಪಕ್ಕದಿಂದ ನೋಡಿದರೆ, ಎಂಟು ವರ್ಷ ಒಳ್ಳೆಯ ನೀರು ಕುಡಿದು ಬೆಳೆದ ಮಗು ಅನಂತರ ಫ್ಲೋರೈಡ್ ಇರುವ ಊರಿನ ವಸತಿ ಶಾಲೆಗೆ ಸೇರಿದರೆ ಅದರ ಮುಂಬದಿಯ ಹಲ್ಲುಗಳು ಬೆಳ್ಳಗೇ ಇರುತ್ತವೆ. ಆದರೆ ಅದರ ಮೂಳೆ ಮತ್ತು ಮೂತ್ರಪಿಂಡಗಳು ಅದೇ ನೀರನ್ನು ಅನುಭವಿಸುತ್ತಿರುತ್ತವೆ. ಹಲ್ಲು ಬೆಳ್ಳಗಿದೆ ಎಂದು ನಿಶ್ಚಿಂತರಾಗುವುದು ಸರಿಯಲ್ಲ.

ಹೊರೆ ಹೊರುವ ಮೂತ್ರಪಿಂಡ

ಕುಡಿದ ನೀರಿನ ಫ್ಲೋರೈಡ್ ಜಠರ ಮತ್ತು ಕರುಳಿನಿಂದ ಬೇಗನೆ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಅದಕ್ಕೆ ಮುಖ್ಯವಾಗಿ ಎರಡು ದಾರಿಗಳು. ಒಂದು ಭಾಗ ಮೂಳೆ ಮತ್ತು ಹಲ್ಲುಗಳಲ್ಲಿ ಸಂಗ್ರಹವಾಗುತ್ತದೆ. ದೇಹದಲ್ಲಿ ಉಳಿಯುವ ಫ್ಲೋರೈಡಿನಲ್ಲಿ ಸುಮಾರು ಶೇಕಡ 99 ಭಾಗ ಇರುವುದು ಅಲ್ಲಿಯೇ. ಮತ್ತೊಂದು ಭಾಗ ಮೂತ್ರದ ಮೂಲಕ ಹೊರಹೋಗುತ್ತದೆ. ಮಕ್ಕಳ ಮೂಳೆ ಬೆಳೆಯುತ್ತಿರುವುದರಿಂದ ದೊಡ್ಡವರಿಗಿಂತ ಹೆಚ್ಚು ಪಾಲನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳು ಕುಡಿಯುವ ನೀರೂ ಹೆಚ್ಚು. ಬೇಸಿಗೆಯಲ್ಲಿ ಬಿಸಿಲಿಗೆ ಬೆಂದು ಬಂದ ಹುಡುಗನು ಒಂದೇ ಉಸಿರಿಗೆ ಚೊಂಬು ಬರಿದು ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ.

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಪ್ರತಿ ಶೋಧಕಕ್ಕೂ ಒಂದು ಕಿರುನಾಳಿಕೆ ಅಂಟಿಕೊಂಡಿದೆ. ಶೋಧಕದಿಂದ ಇಳಿದ ದ್ರವದಲ್ಲಿ ಬೇಕಾದುದನ್ನು ಮರಳಿ ಹೀರಿ, ಬೇಡವಾದುದನ್ನು ಹೊರಗೆ ಬಿಡುವುದು ಈ ನಾಳಿಕೆಯ ಕೆಲಸ. ಫ್ಲೋರೈಡ್ ಈ ಹಾದಿಯಲ್ಲಿಯೇ ಹೊರಹೋಗಬೇಕಾದುದರಿಂದ, ದೇಹದ ಇತರ ಮೃದು ಅಂಗಗಳಿಗಿಂತ ಹೆಚ್ಚು ಸಾಂದ್ರತೆಯ ಫ್ಲೋರೈಡನ್ನು ಮೂತ್ರಪಿಂಡ ಎದುರಿಸುತ್ತದೆ.

ನಾಳಿಕೆಗೆ ಪೆಟ್ಟು ಬಿದ್ದುದು ಹೇಗೆ ತಿಳಿಯಬೇಕು? ಸಾಮಾನ್ಯವಾಗಿ ಮಾಡಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಇದಕ್ಕೆ ಸಾಲದು. ಮೂತ್ರಪಿಂಡಗಳ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಕುಂದಿದ ಮೇಲೆಯೇ ಅದು ಸ್ಪಷ್ಟವಾಗಿ ಏರುತ್ತದೆ. ಆಸ್ಪತ್ರೆಗಳಲ್ಲಿ ಮೂತ್ರಕ್ಕೆ ಅದ್ದುವ ಬಣ್ಣದ ಪಟ್ಟಿಯು ಮುಖ್ಯವಾಗಿ ಆಲ್ಬುಮಿನ್ ಎಂಬ ಪ್ರೋಟೀನನ್ನು ತೋರಿಸುತ್ತದೆಯೇ ಹೊರತು, ನಾಳಿಕೆಯ ಹಾನಿಯಿಂದ ಸೋರುವ ಸಣ್ಣ ಪ್ರೋಟೀನುಗಳನ್ನು ತೋರಿಸುವುದಿಲ್ಲ.

ಪ್ರೋಟೀನುಗಳು ಹೇಳುವ ಸಂಗತಿ

ಈ ಕೊರತೆಯನ್ನು ತುಂಬಲು ವಿಜ್ಞಾನಿಗಳು ಬೇರೆ ಸೂಚಕಗಳನ್ನು ಅರಸಿದರು. ಅವುಗಳಲ್ಲಿ ಮೂರನ್ನು ಭಕ್ತರ ತಿಳಿವಳಿಕೆಗಾಗಿ ವಿವರಿಸುತ್ತೇವೆ.

ಮೊದಲನೆಯದು ಬೀಟಾ-2 ಮೈಕ್ರೋಗ್ಲಾಬ್ಯುಲಿನ್. ಇದು ಬಹಳ ಚಿಕ್ಕ ಪ್ರೋಟೀನು. ಶೋಧಕದ ಮೂಲಕ ಸುಲಭವಾಗಿ ಇಳಿಯುತ್ತದೆ; ಆರೋಗ್ಯವಂತ ನಾಳಿಕೆ ಅದನ್ನು ಬಹುಪಾಲು ಮರಳಿ ಹೀರಿಕೊಳ್ಳುತ್ತದೆ. ನಾಳಿಕೆ ದುರ್ಬಲವಾದಾಗ ಅದು ಮೂತ್ರದಲ್ಲಿ ಸೋರಿಹೋಗುತ್ತದೆ. ಎರಡನೆಯದು ಎನ್‌ಎಜಿ ಎಂಬ ಕಿಣ್ವ. ಕಿಣ್ವಗಳೂ ಪ್ರೋಟೀನುಗಳೇ. ಇದು ಗಾತ್ರದಲ್ಲಿ ದೊಡ್ಡದಾದ್ದರಿಂದ ರಕ್ತದಿಂದ ಸೋಸಿ ಬರಲಾರದು. ಮೂತ್ರದಲ್ಲಿ ಅದು ಹೆಚ್ಚಾಗಿದ್ದರೆ ನಾಳಿಕೆಯ ಜೀವಕೋಶಗಳಿಂದಲೇ ಬಂದಿದೆ ಎಂದು ತಿಳಿಯಬಹುದು. ಮೂರನೆಯದು 1998ರಲ್ಲಿ ಮೊದಲು ವರ್ಣಿಸಲಾದ ಕಿಮ್-1. ಆರೋಗ್ಯವಂತ ಮೂತ್ರಪಿಂಡದಲ್ಲಿ ಇದು ಇಲ್ಲವೆನ್ನುವಷ್ಟು ಅಲ್ಪ. ನಾಳಿಕೆಯ ಮೊದಲ ಭಾಗಕ್ಕೆ ಗಾಯವಾದಾಗ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಅದರ ತುಣುಕು ಕಳಚಿ ಮೂತ್ರಕ್ಕೆ ಸೇರುತ್ತದೆ.

ಮಕ್ಕಳಲ್ಲಿ ಇಂತಹ ಅಧ್ಯಯನಗಳು ನಡೆದಿವೆ. ಚೀನಾ ದೇಶದಲ್ಲಿ 210 ಮಕ್ಕಳನ್ನು ಅವರು ಕುಡಿಯುವ ನೀರಿನ ಫ್ಲೋರೈಡ್ ಪ್ರಮಾಣಕ್ಕೆ ತಕ್ಕಂತೆ ಏಳು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಎನ್‌ಎಜಿ ಮತ್ತು ಗಾಮಾ-ಜಿಟಿ ಎಂಬ ಕಿಣ್ವಗಳನ್ನು ಮೂತ್ರದಲ್ಲಿ ಅಳೆದ ಆ ತಂಡ, ನೀರಿನ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ದಾಟಿದಾಗ ಮಕ್ಕಳ ಮೂತ್ರಪಿಂಡಕ್ಕೂ ಯಕೃತ್ತಿಗೂ ಹಾನಿಯಾಗಬಲ್ಲುದೆಂದು ತೀರ್ಮಾನಿಸಿತು. ಮೆಕ್ಸಿಕೋ ದೇಶದಲ್ಲಿ ವಯಸ್ಕರ ಅಧ್ಯಯನವೊಂದು ಮೂತ್ರದ ಫ್ಲೋರೈಡಿಗೂ ಸಿಸ್ಟಾಟಿನ್-ಸಿ, ಆಲ್ಬುಮಿನ್ ಮೊದಲಾದ ಪ್ರೋಟೀನುಗಳಿಗೂ ಸಂಬಂಧವನ್ನು ಕಂಡಿತು. ಅದೇ ದೇಶದ ಮಕ್ಕಳಲ್ಲಿ ನಡೆದ ಅಧ್ಯಯನದಲ್ಲಿ ಮಾತ್ರ ಎಲ್ಲ ಸೂಚಕಗಳೂ ಒಂದೇ ದಿಕ್ಕನ್ನು ತೋರಲಿಲ್ಲ. ಆದುದರಿಂದ ಈ ಪರೀಕ್ಷೆಗಳನ್ನು ಅಂತಿಮ ತೀರ್ಪು ಎಂದು ಸ್ವೀಕರಿಸುವ ಕಾಲ ಇನ್ನೂ ಬಂದಿಲ್ಲ. ಅವು ಎಚ್ಚರಿಕೆಯ ಗಂಟೆ ಮಾತ್ರ.

ಗಂಟೆ ಬಾರಿಸಿದವರು ಯಾರು?

ಆ ಗಂಟೆಯನ್ನು ಬಾರಿಸಿದ್ದು ಫ್ಲೋರೈಡೇ ಎಂದು ಪ್ರೋಟೀನು ಹೇಳಲಾರದು. ಜ್ವರ, ಮೂತ್ರದ ಸೋಂಕು, ನಿರ್ಜಲೀಕರಣ, ಸಕ್ಕರೆ ಕಾಯಿಲೆ, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ನೋವು ನಿವಾರಕ ಮಾತ್ರೆಗಳು, ಇವೆಲ್ಲವೂ ಅದೇ ನಾಳಿಕೆಯನ್ನು ನೋಯಿಸಬಲ್ಲವು. ಶಾಸ್ತ್ರೋಕ್ತವಾಗಿ ಶೋಧನ ಮಾರಣಗಳಾಗದ ಭಸ್ಮಗಳೂ ಈ ಪಟ್ಟಿಯಲ್ಲಿ ಸೇರುತ್ತವೆ ಎಂದು ಹೇಳಲು ಆಯುರ್ವೇದ ವೈದ್ಯರಾದ ನಾವು ಹಿಂಜರಿಯುವುದಿಲ್ಲ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಆಮ್ಲೀಯ ಮೂತ್ರದಲ್ಲಿ ತಾನಾಗಿಯೇ ಒಡೆದುಹೋಗುವುದರಿಂದ, ಹಾನಿ ಇದ್ದರೂ ಇಲ್ಲವೆಂಬ ಫಲಿತಾಂಶ ಬರುವುದುಂಟು. ಮಗು ನೀರು ಕಡಿಮೆ ಕುಡಿದ ದಿನ ಮೂತ್ರ ಗಟ್ಟಿಯಾಗಿ ಎಲ್ಲ ಸಂಖ್ಯೆಗಳೂ ಏರುತ್ತವೆ. ಆದ್ದರಿಂದ ಮೂತ್ರದ ಕ್ರಿಯಾಟಿನಿನ್ನನ್ನೂ ಅಳೆದು ಹೋಲಿಸಬೇಕಾಗುತ್ತದೆ.

ಮೂತ್ರದ ಫ್ಲೋರೈಡ್ ಒಂದನ್ನೇ ಅಳೆದರೆ ಸಾಲದೇ ಎಂದು ಕೆಲವರು ಕೇಳಬಹುದು. ಅದೂ ಒಂಟಿಯಾಗಿ ಸಾಲದು. ನಮ್ಮ ಅಡುಗೆಮನೆಯ ಹುಣಸೆಹಣ್ಣಿನ ನಿದರ್ಶನವನ್ನೇ ನೋಡಿರಿ. ಹೈದರಾಬಾದಿನ ತಜ್ಞರು 18 ಬಾಲಕರಿಗೆ 18 ದಿನಗಳ ಕಾಲ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನಡೆಸಿದ ಪ್ರಯೋಗ 2002ರಲ್ಲಿ ಪ್ರಕಟವಾಗಿದೆ. ಹುಣಸೆ ತಿಂದಾಗ ಮೂತ್ರದಲ್ಲಿ ಹೊರಹೋದ ಫ್ಲೋರೈಡ್ ದಿನಕ್ಕೆ 3.5 ಮಿಲಿಗ್ರಾಂನಿಂದ 4.8 ಮಿಲಿಗ್ರಾಂಗೆ ಏರಿತು. ಇಲ್ಲಿ ಮೂತ್ರದ ಫ್ಲೋರೈಡ್ ಹೆಚ್ಚಾದುದು ಕೇಡಿನ ಲಕ್ಷಣವಲ್ಲ. ದೇಹ ಅದನ್ನು ಹೊರಹಾಕುತ್ತಿರುವ ಲಕ್ಷಣ. ಹೀಗೆ ನೀರಿನ ಪರೀಕ್ಷೆ ನಲ್ಲಿಯಲ್ಲಿ ಏನು ಬರುತ್ತಿದೆ ಎಂಬುದನ್ನೂ, ಮೂತ್ರದ ಫ್ಲೋರೈಡ್ ದೇಹದ ಮೂಲಕ ಏನು ಹಾದುಹೋಗುತ್ತಿದೆ ಎಂಬುದನ್ನೂ, ಪ್ರೋಟೀನು ಅಂಗಕ್ಕೆ ನೋವಾಗಿದೆಯೇ ಎಂಬುದನ್ನೂ ತಿಳಿಸುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅರ್ಥ ಹೊರಡುತ್ತದೆ.

ಒಂದು ಆಕ್ಷೇಪಣೆಗೆ ಉತ್ತರ

"ನೀರು ಕೆಟ್ಟಿದೆ ಎಂದು ಗೊತ್ತಿದ್ದರೆ ನೀರನ್ನೇ ಬದಲಿಸಬಹುದಲ್ಲ, ಬಡವರ ಮಕ್ಕಳಿಗೆ ಇಷ್ಟು ದೊಡ್ಡ ಪರೀಕ್ಷೆಗಳೇಕೆ?" ಎಂಬ ಪ್ರಶ್ನೆ ನ್ಯಾಯವಾದುದು. ನೀರು ಕೆಟ್ಟಿರುವುದು ಖಚಿತವಾದ ಮೇಲೆ ಮೂತ್ರದ ವರದಿಗಾಗಿ ಒಂದು ದಿನವೂ ಕಾಯಬಾರದೆಂದೇ ನಮ್ಮ ಮತ. ಆದರೆ ನೀರು ಬದಲಾಯಿಸಿದೆವು ಎಂದು ನಾವು ಹೇಳಿಕೊಳ್ಳುವುದು ಬೇರೆ, ಮಗುವಿನ ದೇಹಕ್ಕೆ ಆ ಬದಲಾವಣೆ ಮುಟ್ಟುವುದು ಬೇರೆ.

ಇಂದು ಅನೇಕ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನು ತುಂಬಿ ಮನೆಗೆ ತರುತ್ತೇವೆ. ಕುಡಿಯುವುದಕ್ಕೆ ಆ ನೀರು. ಅನ್ನ, ಬೇಳೆ, ಮುದ್ದೆ, ಚಹಾಕ್ಕೆ ಹಳೆಯ ಕೊಳವೆಬಾವಿಯ ನೀರು. ಅಡುಗೆಯ ನೀರಿನಲ್ಲಿರುವ ಫ್ಲೋರೈಡ್ ಅನ್ನ ಸಾರಿನೊಡನೆ ಹೊಟ್ಟೆಗೇ ಹೋಗುತ್ತದೆ ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಮಗು ಶಾಲೆಯಲ್ಲಿ ಯಾವ ನಲ್ಲಿಗೆ ಬಾಯಿಟ್ಟಿತು, ಹೊಲದಲ್ಲಿ ಯಾವ ಪಂಪಿನ ನೀರು ಕುಡಿಯಿತು, ಘಟಕ ಕೆಟ್ಟು ನಿಂತ ದಿನಗಳಲ್ಲಿ ಮನೆಯವರು ಏನು ಮಾಡಿದರು, ಇದಾವುದೂ ನೀರಿನ ವರದಿಯಲ್ಲಿ ಇರುವುದಿಲ್ಲ. ಮಗುವಿನ ಮೂತ್ರದಲ್ಲಿ ಇರುತ್ತದೆ. ಘಟಕ ಉದ್ಘಾಟನೆಯಾಗಿ ವರ್ಷವಾದರೂ ಮಕ್ಕಳ ಮೂತ್ರದ ಫ್ಲೋರೈಡ್ ಇಳಿಯದಿದ್ದರೆ, ನಾವು ಎಲ್ಲೋ ಎಡವಿದ್ದೇವೆ ಎಂದು ತಿಳಿಯಬೇಕು. ಮೂತ್ರಪರೀಕ್ಷೆಯ ಅತ್ಯುತ್ತಮ ಉಪಯೋಗ ಇದೇ. ಅದು ಮಗುವಿನ ಪರೀಕ್ಷೆಯಲ್ಲ. ನೀರು ಕೊಡುವ ಹಿರಿಯರಾದ ನಮ್ಮ ಪರೀಕ್ಷೆ.

ಹಣೆಪಟ್ಟಿ ಬೇಡವೆಂದು ಮೊದಲೇ ಹೇಳಿದ್ದಕ್ಕೂ ಕಾರಣವಿದೆ. ಫ್ಲೋರೈಡ್ ಪೀಡಿತ ಊರುಗಳಲ್ಲಿ ಹಲ್ಲಿನ ಕಲೆಯಿಂದಾಗಿಯೇ ಹೆಣ್ಣುಮಕ್ಕಳ ಸಂಬಂಧಗಳು ತಪ್ಪುತ್ತವೆ. ಅದರ ಜೊತೆಗೆ "ಆ ಹುಡುಗಿಯ ಕಿಡ್ನಿ ಸರಿಯಿಲ್ಲವಂತೆ" ಎಂಬ ಮಾತೂ ಸೇರಿದರೆ ಆ ಕುಟುಂಬ ಅನುಭವಿಸುವ ಸಂಕಟವನ್ನು ವಿವರಿಸಬೇಕಾಗಿಲ್ಲ. ನಾಳಿಕೆಯ ಸೂಚಕ ಸ್ವಲ್ಪ ಏರಿದ ಮಾತ್ರಕ್ಕೆ ಮಗು ಮೂತ್ರಪಿಂಡದ ರೋಗಿಯಲ್ಲ. ಆರಂಭದ ಇಂತಹ ನೋವಿನಿಂದ ನಾಳಿಕೆ ಚೇತರಿಸಿಕೊಳ್ಳಬಲ್ಲುದು. ನೋವಿನ ಕಾರಣ ದೂರವಾಗಬೇಕು, ಅಷ್ಟೇ. ಆದುದರಿಂದ ಫಲಿತಾಂಶವನ್ನು ಮಗುವಿನ ತಂದೆತಾಯಿಗಳಿಗೆ ಮಾತ್ರ ಗುಟ್ಟಾಗಿ ತಿಳಿಸಿ, ಊರಿಗೆ ಊರಿನ ಒಟ್ಟು ಲೆಕ್ಕವನ್ನು ಮಾತ್ರ ಹೇಳುವುದು ಧರ್ಮ.

ನಮ್ಮ ವೈದ್ಯಶಾಸ್ತ್ರ ಏನೆನ್ನುತ್ತದೆ?

ಮೂತ್ರವನ್ನು ನೋಡಿ ರೋಗವನ್ನು ಅರಿಯುವ ವಿದ್ಯೆ ನಮಗೆ ಹೊಸದಲ್ಲ. ಚರಕಾಚಾರ್ಯರು ಪ್ರಮೇಹವನ್ನು ಮೂತ್ರದ ಲಕ್ಷಣಗಳಿಂದ ಇಪ್ಪತ್ತು ಬಗೆಯಾಗಿ ವಿಂಗಡಿಸಿದ್ದಾರೆ. ಯೋಗರತ್ನಾಕರದಲ್ಲಿ ಮೂತ್ರದ ಮೇಲೆ ಎಣ್ಣೆಯ ಹನಿ ಬಿಟ್ಟು ನೋಡುವ ತೈಲಬಿಂದು ಪರೀಕ್ಷೆಯ ವಿವರವಿದೆ. ಈ ಪರಂಪರೆಯ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ತೈಲಬಿಂದುವಿನಿಂದ ಫ್ಲೋರೈಡನ್ನಾಗಲಿ ಕಿಮ್-1 ಪ್ರೋಟೀನನ್ನಾಗಲಿ ಅಳೆಯಲಾಗದು. ಹಾಗೆ ಅಳೆಯುತ್ತೇವೆ ಎಂದು ಯಾರಾದರೂ ಹೇಳಿದರೆ ಭಕ್ತರು ನಂಬತಕ್ಕದ್ದಲ್ಲ. ಮೂಳೆಯಲ್ಲಿ ನೆಲೆಸಿದ ಫ್ಲೋರೈಡನ್ನು ತೊಳೆದು ತೆಗೆಯುವ ಕಷಾಯವೋ ಭಸ್ಮವೋ ಇದೆ ಎಂಬ ಜಾಹೀರಾತುಗಳಿಗೂ ಇದೇ ಮಾತು ಸಲ್ಲುತ್ತದೆ.

ಈ ವಿಷಯದಲ್ಲಿ ಚರಕಸಂಹಿತೆಯಿಂದ ನಾವು ಕಲಿಯಬೇಕಾದುದು ವಿಮಾನಸ್ಥಾನದ ಮೂರನೆಯ ಅಧ್ಯಾಯವಾದ ಜನಪದೋದ್ಧ್ವಂಸವನ್ನು. ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆ ಬೇರೆಯಾಗಿರುವ ಜನರಿಗೆ ಒಂದೇ ರೋಗ ಏಕಕಾಲಕ್ಕೆ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಿಕೊಳ್ಳಲಾಗಿದೆ. ವಾಯು, ಜಲ, ದೇಶ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಾಮಾನ್ಯವಾದುವು. ಅವು ಕೆಟ್ಟಾಗ ಜನಪದವೇ ಕೆಡುತ್ತದೆ ಎಂಬುದು ಆಚಾರ್ಯರ ಉತ್ತರ. ಫ್ಲೋರೋಸಿಸ್‌ಗೆ ಇದಕ್ಕಿಂತ ಸೂಕ್ತವಾದ ನಿದಾನ ಮತ್ತೊಂದಿಲ್ಲ. ಜಲವು ಸಾಮಾನ್ಯವಾದುದರಿಂದ ಚಿಕಿತ್ಸೆಯೂ ಸಾಮಾನ್ಯವಾಗಿಯೇ, ಎಂದರೆ ಇಡೀ ಊರಿಗೇ ನಡೆಯಬೇಕು.

ರೂಢಿಯಲ್ಲಿರುವ ಕೆಲವು ತಪ್ಪು ತಿಳಿವಳಿಕೆಗಳನ್ನೂ ಇಲ್ಲಿ ತಿದ್ದಬೇಕಾಗಿದೆ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ತಾಮ್ರದ ಕೊಡವೂ ಅದನ್ನು ತೆಗೆಯದು. ಕತಕ ಬೀಜ, ಎಂದರೆ ಚಿಲ್ಲದ ಬೀಜ, ರಾಡಿ ನೀರನ್ನು ತಿಳಿಗೊಳಿಸುತ್ತದೆಯೇ ಹೊರತು ಕರಗಿದ ಫ್ಲೋರೈಡಿಗೆ ಅದನ್ನು ನೆಚ್ಚಬಾರದು. ಕ್ಯಾಂಡಲ್ ಫಿಲ್ಟರಿನದೂ ಇದೇ ಕಥೆ. ಫ್ಲೋರೈಡನ್ನು ತೆಗೆಯಬಲ್ಲವು ಆರ್‌ಒ ಯಂತ್ರ, ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಶೋಧಕ, ಮತ್ತು ಪಟಕ ಹಾಗೂ ಸುಣ್ಣವನ್ನು ಬಳಸುವ ನಲ್ಗೊಂಡ ವಿಧಾನ. ಎಲ್ಲಕ್ಕಿಂತ ಸರಳವಾದುದು ಶುಚಿಯಾಗಿ ಹಿಡಿದಿಟ್ಟ ಮಳೆಯ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ಆಹಾರದಿಂದ ಸಹಾಯವುಂಟು. ರಾಗಿ, ಹಾಲು, ಮೊಸರು, ನುಗ್ಗೆಸೊಪ್ಪುಗಳ ಸುಣ್ಣದಂಶ ಕರುಳಿನಲ್ಲಿಯೇ ಸ್ವಲ್ಪ ಫ್ಲೋರೈಡನ್ನು ಹಿಡಿದು ಹೊರಗೆ ಕಳುಹಿಸುತ್ತದೆ. ನೆಲ್ಲಿಕಾಯಿ, ಪೇರಲದಂತಹ ಸಿ ಜೀವಸತ್ವವುಳ್ಳ ಹಣ್ಣುಗಳು ಹಿತಕರ. ಮಕ್ಕಳಿಗೆ ಕಪ್ಪು ಚಹಾ ಬೇಡ. ಕಾಳಾ ನಮಕ್ ಎಂಬ ಕಪ್ಪು ಉಪ್ಪಿನ ಬಳಕೆಯನ್ನೂ, ಅದು ಬೆರೆತ ಚೂರ್ಣಗಳನ್ನೂ ಇಂತಹ ಊರಿನ ಮಕ್ಕಳಿಗೆ ಮಿತಗೊಳಿಸಬೇಕು. ಆದರೆ ಕೆಟ್ಟ ನೀರನ್ನು ಕುಡಿಸುತ್ತಾ ನೆಲ್ಲಿಕಾಯಿ ತಿನ್ನಿಸಿದರೆ ಪ್ರಯೋಜನವಿಲ್ಲ. ನಿದಾನ ಪರಿವರ್ಜನೆಯೇ ಮೊದಲ ಚಿಕಿತ್ಸೆ.

ನಮ್ಮ ಸಲಹೆ

ಮೊದಲು ನೀರು. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನು ಕೊಟ್ಟು, ಆಯಾ ಊರಿನ ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆ ಇದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ಮನೆಯ ನೀರು ಮಾತ್ರವಲ್ಲ. ಶಾಲೆ, ಅಂಗನವಾಡಿ, ಬಿಸಿಯೂಟದ ಅಡುಗೆಮನೆ, ವಿದ್ಯಾರ್ಥಿನಿಲಯ, ಇವುಗಳ ನೀರನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ತೆಗೆದುಕೊಳ್ಳಬಾರದು. ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯೇ ಸರಿ. ಮೂತ್ರದ ಮಾದರಿಗೂ ಇದೇ ನಿಯಮ.

ಎರಡನೆಯದು, ನೀರಿನಲ್ಲಿ ಮಿತಿ ಮೀರಿದ ಊರುಗಳಲ್ಲಿ ಮಕ್ಕಳ ಮೂತ್ರದ ಫ್ಲೋರೈಡ್ ಪರೀಕ್ಷೆ. 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ, ಪೀಡಿತ ಜಿಲ್ಲೆಗಳ ಪ್ರಯೋಗಾಲಯಗಳಲ್ಲಿ ನೀರು ಮತ್ತು ಮೂತ್ರ ಎರಡರ ಫ್ಲೋರೈಡನ್ನೂ ಅಳೆಯುವ ಅಯಾನ್ ಮೀಟರ್ ಉಪಕರಣಕ್ಕೆ ಅವಕಾಶ ಕಲ್ಪಿಸಲಾಗಿದೆ. ಶಾಲೆ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಲ್ಲಿ ಆಯುಷ್ ವೈದ್ಯರೇ ಇರುತ್ತಾರೆ. ನಮ್ಮ ಕಿರಿಯ ವೈದ್ಯ ಬಂಧುಗಳು ಹಲ್ಲು ನೋಡಿ ಬರೆದುಕೊಂಡು ಹೋಗುವುದರ ಜೊತೆಗೆ, ಮೂತ್ರದ ಮಾದರಿಯೂ ಜಿಲ್ಲಾ ಪ್ರಯೋಗಾಲಯಕ್ಕೆ ತಲುಪುವಂತೆ ಮೇಲಧಿಕಾರಿಗಳನ್ನು ಒತ್ತಾಯಿಸಬೇಕು.

ಮೂರನೆಯದು, ಪ್ರೋಟೀನು ಸೂಚಕಗಳು. ಇವು ಸದ್ಯಕ್ಕೆ ದೊಡ್ಡ ಪ್ರಯೋಗಾಲಯಗಳ ಕೆಲಸ. ಭಕ್ತರು ತಾವಾಗಿಯೇ ನಗರಕ್ಕೆ ಹೋಗಿ ಸಾವಿರಾರು ರೂಪಾಯಿ ತೆತ್ತು ಮಕ್ಕಳಿಗೆ ಇವನ್ನು ಮಾಡಿಸುವ ಅಗತ್ಯವಿಲ್ಲ. ಫ್ಲೋರೈಡ್ ಹೆಚ್ಚಿರುವ ಕೆಲವು ಊರುಗಳನ್ನೂ ಕಡಿಮೆಯಿರುವ ಕೆಲವು ಊರುಗಳನ್ನೂ ಆರಿಸಿ, ಮಕ್ಕಳ ಮೂತ್ರದಲ್ಲಿ ಎನ್‌ಎಜಿ, ಬೀಟಾ-2, ಕಿಮ್-1ಗಳನ್ನು ಹೋಲಿಸಿ ನೋಡುವ ಅಧ್ಯಯನವನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಕೈಗೊಳ್ಳಬೇಕು. ವೀರಶೈವ ಲಿಂಗಾಯತ ಮಠಗಳು ಮತ್ತು ಅವುಗಳ ಪ್ರೇರಣೆಯ ವಿದ್ಯಾಸಂಸ್ಥೆಗಳು ಈ ನಾಡಿನಲ್ಲಿ ಆಯುರ್ವೇದ ಮತ್ತು ಆಧುನಿಕ ವೈದ್ಯಕೀಯ ಕಾಲೇಜುಗಳೆರಡನ್ನೂ ನಡೆಸುತ್ತಿವೆ. ಇಬ್ಬರೂ ಒಂದೇ ಹಳ್ಳಿಗೆ ಒಟ್ಟಾಗಿ ಹೋದರೆ ಅದಕ್ಕಿಂತ ದೊಡ್ಡ ಸೇವೆ ಯಾವುದು? ನೀರು ಬದಲಾದ ಮೇಲೆ ಅವೇ ಮಕ್ಕಳನ್ನು ಮತ್ತೆ ಪರೀಕ್ಷಿಸಬೇಕು. ಮೂಳೆಯಲ್ಲಿದ್ದ ಫ್ಲೋರೈಡ್ ನಿಧಾನವಾಗಿ ಹೊರಬರುವುದರಿಂದ ಕೆಲವೇ ದಿನಗಳಲ್ಲಿ ಫಲಿತಾಂಶ ನಿರೀಕ್ಷಿಸಬಾರದು. ತಿಂಗಳುಗಳ ಅಂತರದಲ್ಲಿ ಎರಡು ಮೂರು ಸಲವಾದರೂ ನೋಡಬೇಕು.

ನಾಲ್ಕನೆಯದು ನಮ್ಮ ಮಠಮಾನ್ಯಗಳಿಗೆ ಸಂಬಂಧಿಸಿದ್ದು. ಉಚಿತ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ವರ್ಷಗಟ್ಟಲೆ ಒಂದೇ ಮೂಲದ ನೀರನ್ನು ಕುಡಿಯುತ್ತಾರೆ, ಅದೇ ನೀರಿನಲ್ಲಿ ಬೆಂದ ಪ್ರಸಾದ ಸ್ವೀಕರಿಸುತ್ತಾರೆ. ಪ್ರತಿಯೊಂದು ಪ್ರಸಾದ ನಿಲಯದಲ್ಲಿಯೂ ಬೇಸಿಗೆಗೊಮ್ಮೆ, ಮಳೆಗಾಲದ ಅನಂತರ ಒಮ್ಮೆ ನೀರನ್ನು ಪರೀಕ್ಷಿಸಿ, ಆ ಸಂಖ್ಯೆಯನ್ನು ಊಟದ ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸಬೇಕೆಂದು ಪೂಜ್ಯರ ಪಾದಗಳಲ್ಲಿ ವಿನಂತಿಸಿಕೊಳ್ಳುತ್ತೇವೆ. ಮಠದ ಮಾಳಿಗೆಯ ಮಳೆನೀರನ್ನು ತೊಟ್ಟಿಗೆ ಇಳಿಸಿ ಅಡುಗೆಗೆ ಬಳಸುವ ಏರ್ಪಾಡು ಕಷ್ಟವಾದುದೇನಲ್ಲ. ಮಠ ಮಾಡಿದುದನ್ನು ಊರು ಅನುಸರಿಸುತ್ತದೆ.

ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟುವುದನ್ನು ಕಾಯಕವಾಗಿ ಕೈಗೊಂಡವರು. ಅವರ ಕಾಲದಲ್ಲಿ ಫ್ಲೋರೈಡಿನ ಹೆಸರು ಯಾರಿಗೂ ತಿಳಿದಿರಲಿಲ್ಲ. ಜೀವಿಗಳಿಗೆ ಒಳ್ಳೆಯ ನೀರು ಬೇಕೆಂಬುದು ತಿಳಿದಿತ್ತು. ಇಂದು ನಮ್ಮ ಬಳಿ ಕೆರೆಯ ಹೂಳೆತ್ತುವ ಯಂತ್ರವಿದೆ, ನೀರನ್ನು ಅಳೆಯುವ ಉಪಕರಣವಿದೆ, ಮಗುವಿನ ಮೂತ್ರಪಿಂಡದ ಮೊದಲ ನೋವನ್ನು ಕಾಣುವ ವಿಜ್ಞಾನವೂ ಬೆಳೆಯುತ್ತಿದೆ. ಆದುದರಿಂದ ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬರುವ ಭಕ್ತರಲ್ಲಿ ನಮ್ಮದೊಂದು ಬೇಡಿಕೆ. ಬರುವ ಮೊದಲು ನಿಮ್ಮ ಊರಿನ ಶಾಲೆಯ ನಲ್ಲಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಪಂಚಾಯಿತಿಯಲ್ಲಿ ಕೇಳಿ ಬನ್ನಿರಿ. ಉತ್ತರ ಸಿಕ್ಕಿದರೆ ಬರೆದು ತನ್ನಿರಿ. ಸಿಗದಿದ್ದರೆ, ನೀರನ್ನೇ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಊರಿನ ಹೆಸರು ಬರೆದು ತನ್ನಿರಿ. ಅದನ್ನು ಪರೀಕ್ಷೆಗೆ ಕಳುಹಿಸುವ ಹೊಣೆಯನ್ನು ನಾವು ವಹಿಸಿಕೊಳ್ಳುತ್ತೇವೆ.